ಬಂಪರ್ ಬದಲಾದ ಮಾತ್ರಕ್ಕೆ ಗುರುತು ಅಳಿಯುವುದೇ?

ಪ್ರಶ್ನೆ: ರಾತ್ರಿ ಹನ್ನೊಂದರ ಸುಮಾರಿಗೆ ನಡೆದುಕೊಂಡು ಮನೆಗೆ ಬರುತ್ತಿದ್ದ ನನ್ನ ಅಣ್ಣನಿಗೆ ಕಾರೊಂದು ಗುದ್ದಿ, ನಿಲ್ಲಿಸದೆ ಹೋಯಿತು. ಅಣ್ಣ ಸ್ಥಳದಲ್ಲೇ ತೀರಿಕೊಂಡರು. ದೂರದಿಂದ ನೋಡಿದ ಒಬ್ಬರು ಕಾರು ಬಿಳಿಯದು ಎಂದಿದ್ದಾರೆ. ನಂಬರ್ ಯಾರಿಗೂ ಕಂಡಿಲ್ಲ. ಪೊಲೀಸರು ರಸ್ತೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಚೂರುಗಳನ್ನೂ ಅಣ್ಣನ ಬಟ್ಟೆ ಮತ್ತು ಶೂಗಳನ್ನೂ ತೆಗೆದುಕೊಂಡು ಹೋದರು. ಮೂರು ವಾರಗಳ ನಂತರ ಒಂದು ಕಾರನ್ನು ಪತ್ತೆ ಹಚ್ಚಿದ್ದಾರೆ. ಆದರೆ ಅದು ಬೆಳ್ಳಿ ಬಣ್ಣದ್ದು. ಅದರ ಬಂಪರ್ ಮತ್ತು ಒಂದು ಹೆಡ್‌ಲೈಟ್ ಹೊಸದು. ಮಾಲೀಕರು ಆ ರಾತ್ರಿ ತಾನು ಓಡಿಸಿಲ್ಲ ಎನ್ನುತ್ತಾರೆ. ಪ್ರಕರಣ ಇಲ್ಲಿಗೆ ಮುಗಿಯಿತೇ? ಪ್ರಯೋಗಾಲಯದ ವರದಿಗೆ ಏಕಿಷ್ಟು ಸಮಯ? ನಮ್ಮ ಕಡೆಯಿಂದ ಮಾಡಬೇಕಾದ್ದು ಏನಾದರೂ ಇದೆಯೇ?

ಉತ್ತರ: ಇಂಥ ದುಃಖದ ನಡುವೆಯೂ ನೀವು ಸಂಗತಿಗಳನ್ನು ಒಂದೊಂದಾಗಿ ಬಿಡಿಸಿ ಬರೆದಿದ್ದೀರಿ, ಹಾಗಾಗಿ ನೇರವಾಗಿಯೇ ಉತ್ತರಿಸುತ್ತೇನೆ. ಪ್ರಕರಣ ಮುಗಿದಿಲ್ಲ. ನೀವು ಹೇಳಿರುವ ಮೂರು ಅಡ್ಡಿಗಳಲ್ಲಿ ಬಣ್ಣ ತಾಳೆಯಾಗದಿರುವುದು ಅಡ್ಡಿಯೇ ಅಲ್ಲ. ಬಂಪರ್ ಬದಲಾಗಿರುವುದು ಅಡ್ಡಿಯೇನೋ ಹೌದು, ಆದರೆ ಅದನ್ನು ಬದಲಿಸಿದವರು ನಂಬಿಕೊಂಡಿರುವಷ್ಟು ದೊಡ್ಡದಲ್ಲ. ನಿಜವಾದ ತೊಡಕಿರುವುದು ಮೂರನೆಯದರಲ್ಲಿ. ಗಾಡಿ ಸಿಕ್ಕಿತೆಂದರೆ ತನಿಖೆಯ ಅರ್ಧ ದಾರಿ ಮುಗಿದಂತೆ, ಅಷ್ಟೇ. ಆ ಗಾಡಿಯ ಸ್ಟಿಯರಿಂಗ್ ಹಿಂದೆ ಇಂಥವರೇ ಕೂತಿದ್ದರು ಎಂದು ತೋರಿಸುವುದು ಉಳಿದರ್ಧ, ಮತ್ತು ಕಷ್ಟದ ಅರ್ಧ.

ಮೊದಲು ಬಣ್ಣದ ವಿಷಯ. ಒಂದು ವಸ್ತುವಿನ ಬಣ್ಣ ನಮಗೆ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲಿ ಆ ಬಣ್ಣ ಇರಬೇಕು. ಹಳದಿ ಸೋಡಿಯಂ ಬೀದಿದೀಪಗಳ ಬೆಳಕಿನಲ್ಲಿ ಬೇರೆ ಬಣ್ಣಗಳ ಪಾಲು ಬಹಳ ಕಡಿಮೆ. ಅವುಗಳಲ್ಲಿ ಹಳೆಯ ಬಗೆಯದಾದ ಕಡಿಮೆ ಒತ್ತಡದ ದೀಪವಂತೂ ಹೆಚ್ಚುಕಡಿಮೆ ಒಂದೇ ಒಂದು ಹಳದಿಯನ್ನು, ಅಂದರೆ 589 ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನು ಮಾತ್ರ ಚೆಲ್ಲುತ್ತದೆ. ಅಂಥ ದೀಪದಡಿ ಬಿಳಿ, ಬೆಳ್ಳಿ, ತಿಳಿ ಕೆನೆಬಣ್ಣ ಮೂರೂ ಒಂದೇ ಆಗಿ ಕಾಣುತ್ತವೆ, ನೀಲಿ ಕಪ್ಪಾಗುತ್ತದೆ. ಆದ್ದರಿಂದ ಸಾಕ್ಷಿ ಹೇಳಿದ ‘ಬಿಳಿ’ಯನ್ನು ಅನುಭವವಿರುವ ತನಿಖಾಧಿಕಾರಿ ‘ತಿಳಿ ಬಣ್ಣದ ಕಾರು’ ಎಂದೇ ಬರೆದುಕೊಳ್ಳುತ್ತಾರೆ. ಆ ಸಾಕ್ಷಿಯಿಂದ ಕೇಳಿ ತಿಳಿಯಬೇಕಾದ್ದು ಬೇರೆ ಇದೆ: ಕಾರು ಗುದ್ದುವ ಮುನ್ನ ಬ್ರೇಕಿನ ಸದ್ದು ಬಂತೇ, ಗುದ್ದಿದ ಮೇಲೆ ಹಿಂದಿನ ಕೆಂಪು ದೀಪ ಹೊತ್ತಿತೇ, ಅದು ನಿಧಾನಿಸಿ ಮತ್ತೆ ವೇಗ ಪಡೆಯಿತೇ, ಯಾವ ಕಡೆಗೆ ತಿರುಗಿತು. ಕೊನೆಗೆ ಚಾಲಕನ ಅರಿವಿನ ಪ್ರಶ್ನೆ ಎದ್ದಾಗ ಈ ಸಣ್ಣ ವಿವರಗಳೇ ತೂಕಕ್ಕೆ ಬರುತ್ತವೆ. ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಈಗ ಸಿಕ್ಕಿರುವ ಕಾರಿನ ಫೋಟೊವನ್ನು ದಯವಿಟ್ಟು ಆ ಸಾಕ್ಷಿಗೆ ನೀವಾಗಿ ತೋರಿಸಬೇಡಿ. ಒಮ್ಮೆ ನೋಡಿದ ಚಿತ್ರ ಹಳೆಯ ನೆನಪಿನೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಆ ರಾತ್ರಿ ಕಂಡದ್ದು, ಯಾವುದು ನೀವು ತೋರಿಸಿದ್ದು ಎಂದು ಅವರಿಗೇ ತಿಳಿಯುವುದಿಲ್ಲ, ಪಾಟಿ ಸವಾಲಿನಲ್ಲಿ ಇದು ಹೊರಬಿದ್ದರೆ ಒಳ್ಳೆಯ ಸಾಕ್ಷಿಯೊಬ್ಬರು ವ್ಯರ್ಥವಾಗುತ್ತಾರೆ.

ರಸ್ತೆಯಲ್ಲಿ ಸಿಕ್ಕ ಪ್ಲಾಸ್ಟಿಕ್ ಚೂರುಗಳಿಂದಲೇ ಬಹುಶಃ ಈ ಕಾರಿನ ಜಾಡು ಸಿಕ್ಕಿರಬೇಕು. ಹೆಡ್‌ಲೈಟಿನ ಕವಚವಾಗಲಿ ಬಂಪರಿನ ಜಾಲರಿಯಾಗಲಿ ಅಚ್ಚಿನಲ್ಲಿ ಎರಕ ಹೊಯ್ದ ವಸ್ತು. ಅದರ ಒಳಮೈಯಲ್ಲಿ ಬಿಡಿಭಾಗದ ಸಂಖ್ಯೆ, ತಯಾರಕರ ಗುರುತು, ಪ್ಲಾಸ್ಟಿಕ್ಕಿನ ಜಾತಿ ಇವೆಲ್ಲ ಉಬ್ಬಕ್ಷರದಲ್ಲಿ ಇರುತ್ತವೆ. ಜೊತೆಗೆ ಪುಟ್ಟ ಗಡಿಯಾರದ ಮುಖದಂಥ ಒಂದು ವೃತ್ತವನ್ನೂ ಕಾಣಬಹುದು: ಸುತ್ತ 1ರಿಂದ 12ರವರೆಗೆ ಅಂಕಿಗಳು, ನಡುವೆ ಒಂದು ಬಾಣ, ಬಾಣದ ಎರಡು ಬದಿಗೆ ವರ್ಷದ ಕೊನೆಯ ಎರಡು ಅಂಕಿ. ಬಾಣದ ತುದಿ ಯಾವ ಅಂಕಿಯ ಕಡೆಗಿದೆಯೋ ಆ ತಿಂಗಳು ಆ ಭಾಗ ಅಚ್ಚಿನಿಂದ ಹೊರಬಂದಿದೆ ಎಂದರ್ಥ. ಹೆಬ್ಬೆರಳಿನ ಉಗುರಿನಷ್ಟು ಚೂರಿನಲ್ಲಿ ಬಿಡಿಭಾಗದ ಸಂಖ್ಯೆಯ ನಾಲ್ಕು ಅಂಕಿ ಉಳಿದಿದ್ದರೂ ಕಾರಿನ ಮಾದರಿ ಮತ್ತು ಅದು ತಯಾರಾದ ವರ್ಷಗಳು ಕೈಗೆ ಸಿಗುತ್ತವೆ. ಅದಕ್ಕಿಂತ ಬಲವಾದದ್ದು ಒಡೆದ ಅಂಚು. ರಸ್ತೆಯ ಚೂರಿನ ಅಂಚೂ ಕಾರಿನಲ್ಲಿ ಉಳಿದ ತುಂಡಿನ ಅಂಚೂ ಸೂಕ್ಷ್ಮದರ್ಶಕದಡಿ ಏಣುಕೋನ ಸಹಿತ ಕೂಡಿಕೊಂಡರೆ, ಎರಡೂ ಒಂದು ಕಾಲಕ್ಕೆ ಒಂದೇ ವಸ್ತುವಾಗಿದ್ದವು ಎಂದು ತಜ್ಞರು ಯಾವ ಅಳುಕೂ ಇಲ್ಲದೆ ಹೇಳಬಹುದು. ಈ ಕ್ಷೇತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ಹೋಲಿಕೆ ಇನ್ನೊಂದಿಲ್ಲ. ಹೆಡ್‌ಲೈಟ್ ಹೊಸದಾಗಿದ್ದರೂ ಅದನ್ನು ಹಿಡಿದಿಡುವ ಕಿವಿಗಳು ಕೆಲವೊಮ್ಮೆ ಮುರಿದು ಬಾಡಿಯ ಬೋಲ್ಟಿನಲ್ಲೇ ಉಳಿದಿರುತ್ತವೆ. ಹಳೆಯ ದೀಪ, ಹಳೆಯ ಬಂಪರ್ ಗ್ಯಾರೇಜಿನ ಹಿತ್ತಿಲಿನಲ್ಲೋ ಗುಜರಿಯಲ್ಲೋ ಇದ್ದರೆ ಅವನ್ನು ಹುಡುಕಿ ಜಪ್ತಿ ಮಾಡುವುದು ಕಾರನ್ನು ಜಪ್ತಿ ಮಾಡಿದಷ್ಟೇ ಮುಖ್ಯ.

ಇನ್ನು ಬಣ್ಣದ ಹೊಪ್ಪಳೆಗಳು; ವರದಿ ತಡವಾಗುವುದಕ್ಕೆ ಸಾಮಾನ್ಯವಾಗಿ ಇವೇ ಕಾರಣ. ಕಾರ್ಖಾನೆಯಿಂದ ಬರುವ ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ: ತುಕ್ಕು ತಡೆಯಲು ವಿದ್ಯುತ್ ಹಾಯಿಸಿ ಕೂರಿಸಿದ ಅಡಿಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಪಾರದರ್ಶಕ ಲೇಪ. ನಾಲ್ಕೂ ಸೇರಿ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪ. ಗುದ್ದಿದ ಹೊಡೆತಕ್ಕೆ ಈ ಪದರಗಳು ಹೊಪ್ಪಳೆಯಾಗಿ ಎದ್ದು ಬಟ್ಟೆಯ ನೇಯ್ಗೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಅಥವಾ ಉಜ್ಜಿದ ಬಿಸಿಗೆ ಕರಗಿ ನೂಲಿಗೆ ಅಂಟಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಬಟ್ಟೆಯನ್ನು ಬಿಳಿ ಕಾಗದದ ಮೇಲೆ ಕೊಡವಿ, ಅಂಟುಪಟ್ಟಿ ಒತ್ತಿ ಎತ್ತಿ, ಸಿಕ್ಕ ಕಣಗಳಲ್ಲಿ ಬಣ್ಣದವನ್ನು ಸೂಜಿಯ ತುದಿಯಿಂದ ಆರಿಸುತ್ತಾರೆ. ಆರಿಸಿದ ಹೊಪ್ಪಳೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಪದರಗಳು ಸಾಲಾಗಿ ಕಾಣುತ್ತವೆ. ಬೆಳ್ಳಿ ಬಣ್ಣವಾದರೆ ಅದರೊಳಗೆ ಹರಡಿರುವ ಅಲ್ಯೂಮಿನಿಯಂ ರೇಕುಗಳ ಗಾತ್ರ, ಆಕಾರಗಳೂ ಕಾಣುತ್ತವೆ. ಆಮೇಲೆ ಪ್ರತಿ ಪದರದ ರಾಳವನ್ನು ಅವಕೆಂಪು ಕಿರಣದಿಂದಲೂ ಲೋಹಾಂಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೂ ಪರೀಕ್ಷಿಸುತ್ತಾರೆ. ಕಣವನ್ನು ಸುಟ್ಟು ಅದರ ಆವಿಯನ್ನು ವಿಶ್ಲೇಷಿಸುವ ವಿಧಾನವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಅದಾದ ಮೇಲೆ ಕಣ ಉಳಿಯುವುದಿಲ್ಲ. ಕಾರು ಇನ್ನೂ ಸಿಗದಿದ್ದಾಗ ಪದರಗಳ ಈ ರಸಾಯನವನ್ನೇ ಹಿಡಿದು ಕಾರಿನ ತಯಾರಕರನ್ನೂ ವರ್ಷವನ್ನೂ ಊಹಿಸುವುದಕ್ಕೆ ಸಂಗ್ರಹಗಳಿವೆ. ರಾಯಲ್ ಕೆನೆಡಿಯನ್ ಮೌಂಟೆಡ್ ಪೊಲೀಸ್ ಪಡೆ ನಿರ್ವಹಿಸುವ ‘ಪೇಂಟ್ ಡೇಟಾ ಕ್ವೆರಿ’ ಎಂಬುದು ಅವುಗಳಲ್ಲಿ ಹೆಸರಾದದ್ದು.

ವರದಿ ಬಂದಾಗ ಅದರ ಭಾಷೆ ನೋಡಿ ನಿರಾಶರಾಗಬಾರದೆಂದು ಇಷ್ಟು ವಿವರಿಸಿದೆ. ‘ಎರಡು ಮಾದರಿಗಳ ನಡುವೆ ಭಿನ್ನತೆ ಕಂಡುಬಂದಿಲ್ಲ’ ಎಂದೋ ‘ಈ ಕಾರಿನಿಂದ ಬಂದಿರಬಹುದು’ ಎಂದೋ ಅದರಲ್ಲಿ ಇರಬಹುದು. ಕಾರ್ಖಾನೆಯ ನಾಲ್ಕು ಪದರಗಳಷ್ಟೇ ಇದ್ದರೆ ಅದೇ ಕಾರ್ಖಾನೆಯಲ್ಲಿ ಅದೇ ಬಣ್ಣ ಪಡೆದ ಸಾವಿರಾರು ಕಾರುಗಳಿಗೂ ಅದು ಹೊಂದುತ್ತದೆ. ತಜ್ಞರು ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಆ ಕಾರಿನ ಮೂತಿಗೆ ಹಿಂದೊಮ್ಮೆ ಪೆಟ್ಟಾಗಿ ಪುಟ್ಟಿ ಹಾಕಿ ಮತ್ತೆ ಬಣ್ಣ ಬಳಿದಿದ್ದರೆ ಪದರಗಳು ನಾಲ್ಕರ ಬದಲು ಏಳೋ ಎಂಟೋ ಆಗಿರುತ್ತವೆ, ಮತ್ತು ಅಷ್ಟೂ ಪದರಗಳು ಅದೇ ಅನುಕ್ರಮದಲ್ಲಿ, ಅದೇ ರಸಾಯನದಲ್ಲಿ ನಿಮ್ಮ ಅಣ್ಣನ ಅಂಗಿಯ ಮೇಲಿನ ಹೊಪ್ಪಳೆಯಲ್ಲೂ ಸಿಕ್ಕರೆ, ಅಂಥದೇ ಇನ್ನೊಂದು ಕಾರು ಇದ್ದೀತು ಎಂಬ ವಾದಕ್ಕೆ ನಿಲ್ಲಲು ಜಾಗವಿರುವುದಿಲ್ಲ. ಟಿಂಕರಿಂಗ್ ಕಂಡ ಹಳೆಯ ಗಾಡಿಗೆ ಹೊಸ ಗಾಡಿಗಿಂತ ಸ್ಪಷ್ಟವಾದ ಗುರುತಿರುತ್ತದೆ. ಒಂದು ಷರತ್ತಿದೆ: ಕಾರಿನಿಂದ ತೆಗೆಯುವ ಹೋಲಿಕೆಯ ಮಾದರಿ ಪೆಟ್ಟು ಬಿದ್ದ ಜಾಗದ ಪಕ್ಕದಿಂದಲೇ ಬಂದಿರಬೇಕು ಮತ್ತು ತಗಡಿನವರೆಗೂ ಕೆರೆದು ತೆಗೆದದ್ದಾಗಿರಬೇಕು. ಬಾನೆಟ್ಟಿನ ಪದರಗಳು ಬಾಗಿಲಿನ ಪದರಗಳಂತೆಯೇ ಇರಬೇಕೆಂದಿಲ್ಲ. ಪ್ಲಾಸ್ಟಿಕ್ ಬಂಪರಿಗಂತೂ ಆ ಅಡಿಲೇಪವೇ ಇರುವುದಿಲ್ಲ. ಬಾಗಿಲಿನ ಮೂಲೆಯಿಂದ ಒಂದು ಚೂರು ಕೆರೆದು ಕಳಿಸಿ ‘ತಾಳೆಯಾಗಲಿಲ್ಲ’ ಎಂಬ ವರದಿ ತರಿಸಿಕೊಳ್ಳುವುದು ತನಿಖೆಯಲ್ಲ, ಕಾಗದ ತುಂಬುವ ಕೆಲಸ.

ಬಂಪರ್ ಬದಲಾಗಿದೆ ಎಂದಿರಿ. ನಾನಾಗಿದ್ದರೆ ಮೊದಲು ಆ ಹೊಸ ಬಂಪರನ್ನೇ ಬಿಚ್ಚಿಸುತ್ತಿದ್ದೆ. ಅದರ ಹಿಂದೆ ಹೊಡೆತ ತಾಳುವ ಅಡ್ಡಪಟ್ಟಿ, ಅದನ್ನು ಹಿಡಿದ ಬ್ರಾಕೆಟ್ಟುಗಳು, ರೇಡಿಯೇಟರಿನ ಚೌಕಟ್ಟು ಇರುತ್ತವೆ. ಹೊರಗೆ ಕಾಣುವುದನ್ನು ಬದಲಿಸುವ ಅವಸರದಲ್ಲಿ ಇವನ್ನು ಹಾಗೆಯೇ ಬಿಟ್ಟಿರುತ್ತಾರೆ. ಧೂಳು ಹಿಡಿದ ಬೋಲ್ಟುಗಳ ಸಾಲಿನಲ್ಲಿ ನಾಲ್ಕರ ತಲೆ ಮಾತ್ರ ಸ್ಪ್ಯಾನರ್ ತಾಗಿ ಹೊಳೆಯುತ್ತಿದ್ದರೆ ಅದು ಒಂದು ಹೇಳಿಕೆಯಿದ್ದಂತೆ. ಬಾನೆಟ್ಟಿನ ಮೇಲೆ ಬಣ್ಣದ ದಪ್ಪ ಅಳೆಯುವ ಕೈಸಾಧನ ಇಟ್ಟರೆ ಕಾರ್ಖಾನೆಯ ಬಣ್ಣವಿರುವಲ್ಲಿ ಒಂದು ಅಂಕಿ ತೋರಿಸಿ, ಪುಟ್ಟಿ ಮೆತ್ತಿದಲ್ಲಿ ಅದರ ಹಲವು ಪಟ್ಟು ತೋರಿಸುತ್ತದೆ. ರಬ್ಬರ್ ಅಂಚುಗಳ ಮೇಲೆ ಹೊಸ ಬಣ್ಣದ ತುಂತುರು ಕೂತಿರುತ್ತದೆ. ಮುಂದಿನ ಗಾಜಿನ ಬುಡದಲ್ಲಿ ವೈಪರುಗಳಿರುವ ತೋಡು ಇದೆಯಲ್ಲ, ಅಲ್ಲಿ ಗಾಜಿನ ಪುಡಿ, ಕೂದಲು, ನೂಲಿನ ಎಳೆ ಬಂದು ಸೇರುತ್ತವೆ; ಎಷ್ಟೇ ನೀರು ಹೊಡೆದು ತೊಳೆದರೂ ಅಲ್ಲಿಂದ ಎಲ್ಲವೂ ಹೋಗುವುದಿಲ್ಲ. ಕಾರನ್ನು ಮೇಲೆತ್ತಿ ಅಡಿಭಾಗ ನೋಡಿದರೆ ಗ್ರೀಸು ಮತ್ತು ಕೆಸರಿನ ಪದರವನ್ನು ಯಾರೋ ಬಟ್ಟೆಯಲ್ಲಿ ಒರೆಸಿದಂಥ ಪಟ್ಟಿ ಕಾಣಬಹುದು. ಕೆಲವೊಮ್ಮೆ ಆ ಪಟ್ಟಿಯೊಳಗೆ ನೇಯ್ಗೆಯ ಎಳೆಗಳೂ ಎಣಿಸುವಷ್ಟು ಸ್ಪಷ್ಟವಾಗಿ ಅಚ್ಚಾಗಿರುತ್ತವೆ. ತೊಳೆದ ಜಾಗದಲ್ಲಿ ರಕ್ತದ ಲೇಶವಿದ್ದರೂ ಕತ್ತಲಲ್ಲಿ ಲುಮಿನಾಲ್ ಎಂಬ ರಾಸಾಯನಿಕ ಸಿಂಪಡಿಸಿದಾಗ ನೀಲಿ ಹೊಳಪು ಕಾಣುತ್ತದೆ. ಬ್ಲೀಚಿಂಗ್ ದ್ರಾವಣಕ್ಕೂ ತಾಮ್ರಕ್ಕೂ ಅದು ಹೊಳೆಯುವುದರಿಂದ ಹೊಳಪೊಂದೇ ಪುರಾವೆಯಲ್ಲ. ಹೊಳೆದ ಜಾಗದಿಂದ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದಾಗಲೇ ಅದಕ್ಕೆ ಬೆಲೆ.

ಎರಡು ವಸ್ತುಗಳು ತಾಗಿದಾಗ ಒಂದರದ್ದು ಇನ್ನೊಂದಕ್ಕೆ ಸೇರುತ್ತದೆ ಎಂಬ ತತ್ತ್ವ ಎಡ್ಮಂಡ್ ಲೊಕಾರ್ ಅವರದು. 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದವರು ಅವರು. ಈ ತತ್ತ್ವ ತನಿಖೆ ನಡೆಸುವವರಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯುವವರು ಹೆಚ್ಚು. ಮೃತರ ಬಟ್ಟೆಯ ಕಟ್ಟನ್ನು ಮುಟ್ಟಿದ ಕೈಯಲ್ಲೇ ಕಾರನ್ನು ಮುಟ್ಟಿದರೆ, ಅಥವಾ ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದರೆ, ಕಾರಿನಲ್ಲಿ ಸಿಕ್ಕ ನೂಲಿನೆಳೆ ಆ ರಾತ್ರಿಯದೋ ಠಾಣೆಯದೋ ಎಂದು ಎದುರು ಪಕ್ಷದ ವಕೀಲರು ಕೇಳುತ್ತಾರೆ, ಕೇಳಲೇಬೇಕು. ಒದ್ದೆ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಬಂದು ಡಿಎನ್‌ಎ ಹಾಳಾಗುತ್ತದೆ.

ಮರಣೋತ್ತರ ಪರೀಕ್ಷೆಯ ವರದಿಯನ್ನು ಓದುವುದು ನಿಮಗೆ ಕಷ್ಟವಾದೀತು, ಆದರೆ ಅದರಲ್ಲಿರುವ ಒಂದೆರಡು ಅಳತೆಗಳ ಅರ್ಥ ತಿಳಿದಿರಲಿ. ನಿಂತ ಅಥವಾ ನಡೆಯುತ್ತಿರುವ ವಯಸ್ಕರಿಗೆ ಕಾರು ತಾಗುವುದು ಮೊದಲು ಕಾಲಿಗೆ. ಆಮೇಲೆ ದೇಹ ಬಾನೆಟ್ಟಿನ ಮೇಲೆ ಮಗುಚಿ ತಲೆ ಗಾಜಿಗೆ ಬಡಿಯುತ್ತದೆ. ಕೊನೆಗೆ ರಸ್ತೆಗೆ ಬೀಳುತ್ತದೆ. ಎತ್ತರ ಮೂತಿಯ ವಾಹನವಾದರೆ ದೇಹ ಮೇಲೇರದೆ ಮುಂದಕ್ಕೆ ಬೀಳುತ್ತದೆ, ಗಾಯಗಳ ಕ್ರಮವೇ ಬೇರೆಯಾಗುತ್ತದೆ. ಕಾಲಿನ ಮೂಳೆ ಮುರಿದ ಜಾಗ ಹಿಮ್ಮಡಿಯಿಂದ ಎಷ್ಟು ಎತ್ತರದಲ್ಲಿದೆ ಎಂಬ ಅಳತೆಯನ್ನು ಕಾರಿನ ಬಂಪರಿನ ಎತ್ತರದೊಡನೆ ಹೋಲಿಸುತ್ತಾರೆ. ಬ್ರೇಕ್ ಹಾಕಿದಾಗ ಕಾರಿನ ಮೂತಿ ತಗ್ಗುವುದರಿಂದ, ಮುರಿತ ಬಂಪರಿಗಿಂತ ಕೆಳಗಿದ್ದರೆ ಚಾಲಕ ಗುದ್ದುವ ಮುನ್ನ ಬ್ರೇಕ್ ಒತ್ತಿದ್ದನೆಂಬ ಸೂಚನೆ ಸಿಗುತ್ತದೆ. ಮುರಿದ ಮೂಳೆಯಲ್ಲಿ ಆಪಿನ ಆಕಾರದ ತ್ರಿಕೋನ ತುಣುಕು ಬೇರ್ಪಟ್ಟಿದ್ದರೆ, ಅದರ ಅಗಲ ಬುಡ ಹೊಡೆತ ಬಿದ್ದ ಕಡೆಗೂ ಚೂಪು ತುದಿ ವಾಹನ ಸಾಗುತ್ತಿದ್ದ ದಿಕ್ಕಿಗೂ ಇರುವುದು ಸಾಮಾನ್ಯ. ಅಂದರೆ ನಡೆಯುತ್ತಿದ್ದವರಿಗೆ ಹಿಂದಿನಿಂದ ಗುದ್ದಿತೋ ರಸ್ತೆ ದಾಟುವಾಗ ಪಕ್ಕದಿಂದ ಗುದ್ದಿತೋ ಎಂಬುದು ಇದರಿಂದ ಹೊಳೆಯುತ್ತದೆ. ನಿಮ್ಮ ಅಣ್ಣನ ಶೂಗಳನ್ನು ತೆಗೆದುಕೊಂಡು ಹೋದದ್ದು ಇದೇ ಕಾರಣಕ್ಕೆ. ಗುದ್ದಿದ ಕ್ಷಣದಲ್ಲಿ ಮೈಭಾರ ಹೊತ್ತ ಕಾಲಿನ ಶೂ ನೆಲವನ್ನು ಬಲವಾಗಿ ತೀಡಿಕೊಂಡು ಜಾರುತ್ತದೆ; ಅದರ ಅಟ್ಟೆಯ ಮೇಲೆ ಒಂದೇ ದಿಕ್ಕಿನ ನೇರ ಗೀರುಗಳು ಮೂಡುತ್ತವೆ. ನಡೆದು ಸವೆದ ಗುರುತು ಮಬ್ಬಾಗಿ ಎಲ್ಲ ಕಡೆ ಹರಡಿರುತ್ತದೆ, ಈ ಗೀರು ತಾಜಾ ಆಗಿ ಮೇಲೆದ್ದು ಕಾಣುತ್ತದೆ. ಅದಕ್ಕೆ ಹೊಂದುವ ಕಪ್ಪು ಗೀರು ರಸ್ತೆಯ ಮೇಲೂ ಸಿಕ್ಕಿದ್ದರೆ ಗುದ್ದಿದ ಬಿಂದು ಅದೇ. ಕಳಚಿ ಹಾರಿಬಿದ್ದ ಶೂ ಸಿಕ್ಕ ಜಾಗವನ್ನೇ ಗುದ್ದಿದ ಜಾಗವೆಂದು ಮಹಜರಿನಲ್ಲಿ ಬರೆಯುವ ತಪ್ಪು ಆಗುವುದುಂಟು. ನಿಮ್ಮ ಪ್ರಕರಣದಲ್ಲಿ ಹೇಗೆ ಬರೆದಿದ್ದಾರೆಂದು ನೋಡಿ. ರಾತ್ರಿಯ ರಸ್ತೆಯಾದ್ದರಿಂದ ವೈದ್ಯರು ಇನ್ನೊಂದನ್ನೂ ಗಮನಿಸಿರುತ್ತಾರೆ: ಬಿದ್ದವರ ಮೇಲೆ ಬೇರೊಂದು ವಾಹನ ಹರಿದಿತ್ತೇ, ಹರಿದಿದ್ದರೆ ಆಗ ಜೀವವಿತ್ತೇ. ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಸಾವಿಗೆ ಕಾರಣ ಎರಡನೆಯ ವಾಹನ ಎಂಬ ವಾದ ಬಂದೇ ಬರುತ್ತದೆ.

ಗುದ್ದಿದ ಬಿಂದು ಏಕೆ ಮುಖ್ಯವೆಂದರೆ ವೇಗದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಆ ಬಿಂದುವಿನಿಂದ ದೇಹ ನಿಂತ ಜಾಗದವರೆಗಿನ ದೂರವನ್ನೂ ರಸ್ತೆಯ ಘರ್ಷಣೆಯನ್ನೂ ಹಿಡಿದು, ಜಾನ್ ಸರ್ಲ್ 1983ರಲ್ಲಿ ಮಂಡಿಸಿದ ಸೂತ್ರದಿಂದ ದೇಹ ಎಸೆಯಲ್ಪಟ್ಟ ವೇಗದ ಕೆಳಮಿತಿ ಮತ್ತು ಮೇಲ್ಮಿತಿ ತೆಗೆಯುತ್ತಾರೆ. ದೂರ 20 ಮೀಟರ್, ಘರ್ಷಣಾಂಕ 0.66 ಎಂದಿಟ್ಟುಕೊಂಡರೆ ಕೆಳಮಿತಿ ಗಂಟೆಗೆ ಸುಮಾರು 48 ಕಿಲೋಮೀಟರ್, ಮೇಲ್ಮಿತಿ ಸುಮಾರು 58. ಒಂದೇ ಅಂಕಿ ಹೇಳದೆ ಎರಡು ಅಂಕಿ ಹೇಳುವ ತಜ್ಞರನ್ನು ನಂಬಿ. ದೇಹ ಬಾನೆಟ್ಟಿನ ಮೇಲೆಯೇ ಸ್ವಲ್ಪ ದೂರ ಸಾಗಿ ಬಿದ್ದಿದ್ದರೆ, ಅಥವಾ ಕಾರಿನ ಮೂಲೆ ಮಾತ್ರ ತಾಗಿದ್ದರೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ.

ಕ್ಯಾಮೆರಾಗಳ ಬಗ್ಗೆ ಜನರಿಗೆ ಒಂದು ತಪ್ಪು ಕಲ್ಪನೆಯಿದೆ. ನಂಬರ್ ಪ್ಲೇಟ್ ಕಾಣದಿದ್ದರೆ ದೃಶ್ಯ ನಿರುಪಯೋಗಿ ಎಂದುಕೊಳ್ಳುತ್ತಾರೆ. ಹಾಗಲ್ಲ. ಘಟನೆಯ ಜಾಗಕ್ಕೆ ಮೊದಲು ಒಂದು ಕ್ಯಾಮೆರಾ, ಆಮೇಲೆ ಒಂದು ಕ್ಯಾಮೆರಾ ಇದ್ದು, ಮೊದಲನೆಯದರಲ್ಲಿ ಎರಡು ಹೆಡ್‌ಲೈಟ್ ಹೊತ್ತಿಸಿಕೊಂಡು ಬಂದ ಕಾರು ಎರಡನೆಯದರಲ್ಲಿ ಒಂದೇ ದೀಪದಲ್ಲಿ ಹೋಗಿದ್ದರೆ, ಆ ಎರಡು ಜಾಗಗಳ ನಡುವೆ ಏನಾಯಿತೆಂದು ಬೇರೆ ಹೇಳಬೇಕಿಲ್ಲ. ಅಲ್ಲಿಂದ ಮುಂದೆ ಒಂದೊಂದೇ ಕ್ಯಾಮೆರಾ ಹಿಡಿದು ಆ ಒಂಟಿದೀಪದ ಕಾರನ್ನು ಹಿಂಬಾಲಿಸುತ್ತ ಹೋಗಬಹುದು. ಎಲ್ಲೋ ಒಂದು ಕಡೆ ನಂಬರ್ ಕಂಡೇ ಕಾಣುತ್ತದೆ. ವೇಗವನ್ನೂ ಹೀಗೆಯೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 25 ಚೌಕಟ್ಟು, ಅಂದರೆ ಬಿಡಿ ಚಿತ್ರ, ಹಿಡಿಯುವ ಕ್ಯಾಮೆರಾದಲ್ಲಿ ಕಾರು ಎರಡು ಕಂಬಗಳ ನಡುವಿನ 12 ಮೀಟರನ್ನು 20 ಚೌಕಟ್ಟುಗಳಲ್ಲಿ ದಾಟಿದ್ದರೆ ಅದಕ್ಕೆ ಹಿಡಿದದ್ದು 0.8 ಸೆಕೆಂಡ್, ವೇಗ ಗಂಟೆಗೆ 54 ಕಿಲೋಮೀಟರ್. ಇಲ್ಲಿ ಎರಡು ಸಂಗತಿ ಕೆಲಸ ಕೆಡಿಸುತ್ತವೆ. ಅಗ್ಗದ ಸಾಧನಗಳು ಚೌಕಟ್ಟುಗಳನ್ನು ಸಮ ಅಂತರದಲ್ಲಿ ಹಿಡಿಯುವುದಿಲ್ಲ. ಮತ್ತು ಅವುಗಳ ಗಡಿಯಾರ ಸರಿಯಾಗಿರುವುದಿಲ್ಲ. ದೃಶ್ಯ ತೆಗೆಯುವಾಗಲೇ ಸಾಧನದ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಹಿಂದಿದೆ, ಎಷ್ಟು ಮುಂದಿದೆ ಎಂದು ಬರೆದಿಟ್ಟಿರದಿದ್ದರೆ, ಮುಂದೆ ಫೋನ್ ದಾಖಲೆಗಳೊಡನೆ ತಾಳೆ ಹಾಕುವಾಗ ಏಳು ನಿಮಿಷದ ವ್ಯತ್ಯಾಸವೊಂದೇ ಇಡೀ ಸರಪಳಿಯನ್ನು ಕಡಿಯಬಲ್ಲದು.

ಈಗ ಮೂರನೆಯ, ಕಠಿಣ ಪ್ರಶ್ನೆ. ‘ನಾನು ಓಡಿಸಿಲ್ಲ’ ಎಂಬ ಮಾಲೀಕರ ಮಾತು ನಿಜವೂ ಇರಬಹುದು, ತನಿಖಾಧಿಕಾರಿ ಆ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಯಬೇಕು. ಮುಂದಿನ ಗಾಜು ಒಡೆದಿದ್ದರೆ ಅದರ ಸಣ್ಣ ಪುಡಿ ಒಳಗೂ ಸಿಡಿದು ಚಾಲಕನ ಕೂದಲು, ಅಂಗಿಯ ಮಡಿಕೆಗಳಲ್ಲಿ ಸೇರಿರುತ್ತದೆ. ಆದರೆ ಓಡಾಡುವವರ ಬಟ್ಟೆಯಿಂದ ಅದು ಕೆಲವೇ ಗಂಟೆಗಳಲ್ಲಿ ಉದುರಿಹೋಗುವುದರಿಂದ, ಮೂರು ವಾರಗಳ ನಂತರ ಆ ರಾತ್ರಿಯ ಬಟ್ಟೆ ಒಗೆಯದೆ ಸಿಕ್ಕರೆ ಅದೃಷ್ಟ. ಸ್ಟಿಯರಿಂಗ್ ಮೇಲಿನ ಡಿಎನ್‌ಎ ಮಾಲೀಕರದೇ ಆಗಿದ್ದರೂ ಅದು ಏನನ್ನೂ ಹೇಳುವುದಿಲ್ಲ, ಅವರದೇ ಕಾರಲ್ಲವೇ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಮಾತು ಬೇರೆ. ಅದು ಆ ಒಂದು ಕ್ಷಣದಲ್ಲಿ ಒಬ್ಬರ ಮುಖಕ್ಕಷ್ಟೇ ತಾಗಿದ ವಸ್ತು. ಪಾದಚಾರಿಗೆ ಗುದ್ದಿದ ಹೊಡೆತಕ್ಕೆ ಅದು ಬಿಚ್ಚಿಕೊಳ್ಳದಿರುವುದೇ ಹೆಚ್ಚು, ಅಪಘಾತದ ಕ್ಷಣದ ವೇಗ, ಬ್ರೇಕಿನ ವಿವರಗಳನ್ನು ಬರೆದಿಟ್ಟುಕೊಳ್ಳುವ ಕಾರಿನ ಘಟನಾ ದಾಖಲೆ ಸಾಧನವೂ ಅದೇ ಕಾರಣಕ್ಕೆ ಏನನ್ನೂ ದಾಖಲಿಸಿಕೊಂಡಿರದಿರಬಹುದು. ಹಾಗಾಗಿ ಉಳಿಯುವುದು ಮನುಷ್ಯರ ಓಡಾಟದ ಜಾಡು. ಆ ರಾತ್ರಿ ಆ ಕಾರು ಹೊರಟಲ್ಲಿಂದ ನಿಂತಲ್ಲಿಯವರೆಗೆ ಯಾರ ಫೋನ್ ಅದೇ ದಾರಿಯ ಟವರ್‌ಗಳನ್ನು ಅದೇ ಹೊತ್ತಿಗೆ ಮುಟ್ಟುತ್ತ ಸಾಗಿತು? ಕಾರಿನ ಮನರಂಜನಾ ಪರದೆಗೆ ಯಾರ ಫೋನ್ ಜೋಡಣೆಯಾಗಿತ್ತು? ಘಟನೆಯಾದ ಹತ್ತು ನಿಮಿಷದೊಳಗೆ ಯಾರಿಂದ ಯಾರಿಗೆ ಕರೆ ಹೋಯಿತು? ಪೆಟ್ರೋಲ್ ಬಂಕಿನಲ್ಲಿ ಇಳಿದವರು ಯಾರು? ಬಿಡಿಭಾಗ ಕೊಂಡವರು, ಗ್ಯಾರೇಜಿಗೆ ಕಾರು ತಂದು ಬಿಟ್ಟವರು, ಕಾರಿಗಾದ ಪೆಟ್ಟಿಗೆ ಏನು ಕಾರಣ ಹೇಳಿದರು? ಒಂದೊಂದೂ ಬಿಡಿಯಾಗಿ ದುರ್ಬಲ. ಆದರೆ ಇವೆಲ್ಲ ಒಬ್ಬರತ್ತಲೇ ಬೆರಳು ತೋರುತ್ತಿದ್ದು, ಬೇರೆ ಯಾರಿಗೂ ಹೊಂದದಿದ್ದಾಗ ಸಾಂದರ್ಭಿಕ ಸಾಕ್ಷ್ಯ ಪ್ರತ್ಯಕ್ಷದರ್ಶಿಗಿಂತ ಗಟ್ಟಿಯಾಗುತ್ತದೆ. ಕೆಲವೊಮ್ಮೆ ಓಡಿಸಿದವರ ಬದಲಿಗೆ ಇನ್ನೊಬ್ಬರು ಬಂದು ತಪ್ಪೊಪ್ಪಿಕೊಳ್ಳುವುದೂ ಇದೆ. ಅಂಥವರಿಂದ ಸಹಿ ಹಾಕಿಸಿಕೊಂಡು ಕಡತ ಮುಚ್ಚುವ ಮೊದಲು ಅವರ ಫೋನ್ ಆ ಹೊತ್ತಿಗೆ ಎಲ್ಲಿತ್ತು ಎಂದು ನೋಡುವುದು ಐದು ನಿಮಿಷದ ಕೆಲಸವಲ್ಲದಿರಬಹುದು, ಆದರೆ ಬಿಡಬಾರದ ಕೆಲಸ.

ಚಾಲಕ ಯಾರೆಂದು ಸಿದ್ಧವಾದರೆ ಮುಂದಿನ ಮಾತು ‘ನಾಯಿಗೆ ಗುದ್ದಿದೆ ಎಂದುಕೊಂಡೆ’ ಎಂದಿರುತ್ತದೆ. ಗಾಜಿನಲ್ಲಿ ಜೇಡನ ಬಲೆಯಂಥ ಬಿರುಕು ಚಾಲಕನ ಕಣ್ಣೆತ್ತರದಲ್ಲಿದ್ದರೆ ಆ ಮಾತು ನಿಲ್ಲುವುದಿಲ್ಲ. ಗುದ್ದಿದೊಡನೆ ನಿಧಾನಿಸಿದ್ದು, ಮುಂದಿನ ಕತ್ತಲಲ್ಲಿ ನಿಲ್ಲಿಸಿ ಇಳಿದು ಕಾರಿನ ಮುಂಭಾಗ ನೋಡಿದ್ದು, ಎಂದಿನ ದಾರಿ ಬಿಟ್ಟು ಸುತ್ತುದಾರಿ ಹಿಡಿದದ್ದು ಇವೂ ಅರಿವನ್ನೇ ಹೇಳುತ್ತವೆ.

ನೀವು ಕೇಳದಿದ್ದರೂ ಹೇಳಬೇಕಾದ ಮಾತು ಒಂದಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ; ಚಾಲಕ ಕಂಡು ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಮೀಟರ್ ಬೇಕು. ಕತ್ತಲಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟವರು ತಗ್ಗಿಸಿದ ಹೆಡ್‌ಲೈಟಿಗೆ ಅಷ್ಟು ದೂರದಿಂದ ಕಾಣದಿರಬಹುದು. ಹಾಗಾಗಿ ಗುದ್ದುವುದನ್ನು ತಪ್ಪಿಸಬಹುದಿತ್ತೇ ಎಂಬ ಪ್ರಶ್ನೆಗೆ ತಜ್ಞರ ಉತ್ತರ ನಿಮಗೆ ಇಷ್ಟವಾಗದೆಯೂ ಇರಬಹುದು. ಆದರೆ ಗುದ್ದಿದ್ದು ಬೇರೆ, ನಿಲ್ಲಿಸದೆ ಹೋದದ್ದು ಬೇರೆ. ಬಹುತೇಕ ದೇಶಗಳ ಕಾನೂನು ಇವೆರಡನ್ನು ಬೇರೆ ಬೇರೆಯಾಗಿಯೇ ತೂಗುತ್ತದೆ, ಮೊದಲನೆಯದರಲ್ಲಿ ಚಾಲಕನ ತಪ್ಪು ಕಡಿಮೆಯೆಂದಾದರೂ ಎರಡನೆಯದು ಅಳಿಯುವುದಿಲ್ಲ. ಮೂರು ವಾರಗಳ ನಂತರ ಮದ್ಯದ ಪ್ರಶ್ನೆಗೆ ರಕ್ತಪರೀಕ್ಷೆಯಿಂದ ಉತ್ತರ ಸಿಗದು. ರಕ್ತದ 100 ಮಿಲಿಲೀಟರಿನಲ್ಲಿರುವ ಮದ್ಯಸಾರ ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂ ಲೆಕ್ಕದಲ್ಲಿ ಇಳಿಯುವುದರಿಂದ ಮರುದಿನ ಮಧ್ಯಾಹ್ನಕ್ಕೇ ಅದು ಮುಗಿದುಹೋಗಿರುತ್ತದೆ. ಓಡಿಹೋಗುವವರಲ್ಲಿ ಕೆಲವರು ಓಡುವುದೇ ಇದಕ್ಕಾಗಿ. ಆ ಸಂಜೆ ಅವರು ಕೂತಿದ್ದ ಜಾಗದ ಬಿಲ್ಲು, ಅಲ್ಲಿಯ ಕ್ಯಾಮೆರಾ, ಜೊತೆಗಿದ್ದವರ ಹೇಳಿಕೆ ಮಾತ್ರ ಉಳಿಯುವ ದಾರಿ.

ನಿಮ್ಮ ಕಡೆಯಿಂದ ಆಗಬೇಕಾದ್ದು ಹೆಚ್ಚಿಲ್ಲ, ಆದರೆ ತಡ ಮಾಡುವಂಥದ್ದೂ ಅಲ್ಲ. ಅಣ್ಣನ ಫೋನ್ ಅಥವಾ ಕೈಗಡಿಯಾರ ಹೆಜ್ಜೆ ಎಣಿಸುವಂಥದ್ದಾಗಿದ್ದರೆ ಅದನ್ನು ತೆರೆದು ನೋಡುವ ಗೋಜಿಗೆ ಹೋಗದೆ ಹಾಗೆಯೇ ತನಿಖಾಧಿಕಾರಿಗೆ ಒಪ್ಪಿಸಿ; ಹೆಜ್ಜೆಗಳು ನಿಂತ ನಿಮಿಷ ಅದರಲ್ಲಿ ದಾಖಲಾಗಿರುತ್ತದೆ, ಕ್ಯಾಮೆರಾಗಳ ತಪ್ಪು ಗಡಿಯಾರವನ್ನು ತಿದ್ದಲು ಅದಕ್ಕಿಂತ ಒಳ್ಳೆಯ ಆಧಾರ ಸಿಗದು. ಆಸ್ಪತ್ರೆಯಲ್ಲಿ ಉಳಿದುಹೋದ ಬೆಲ್ಟು, ಕನ್ನಡಕ, ಚೀಲ ಏನಾದರೂ ನಿಮ್ಮ ಮನೆಯಲ್ಲಿದ್ದರೆ ಒರೆಸದೆ, ತೊಳೆಯದೆ, ಕಾಗದದಲ್ಲಿ ಸುತ್ತಿ ಕೊಡಿ. ಮಾಲೀಕರನ್ನಾಗಲಿ ಗ್ಯಾರೇಜಿನವರನ್ನಾಗಲಿ ನೀವಾಗಿ ಹೋಗಿ ಪ್ರಶ್ನಿಸಬೇಡಿ, ಹೋದರೆ ಹಳೆಯ ಬಂಪರ್ ಇನ್ನೂ ಎಲ್ಲಾದರೂ ಇದ್ದಲ್ಲಿ ಅದೂ ಮಾಯವಾದೀತು. ಖಾಸಗಿ ಕ್ಯಾಮೆರಾಗಳ ದೃಶ್ಯ ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿ ಅಳಿದು ಅದರ ಮೇಲೆ ಹೊಸದು ಕೂರುತ್ತದೆ. ಮೂರು ವಾರ ಆಗಲೇ ಕಳೆದಿರುವುದರಿಂದ ಇಂದೇ ತನಿಖಾಧಿಕಾರಿಗೆ ಒಂದು ಪತ್ರ ಬರೆಯಿರಿ. ಯಾವ ಯಾವ ಕ್ಯಾಮೆರಾಗಳ ದೃಶ್ಯ ತೆಗೆದಿಡಲಾಗಿದೆ, ಅವುಗಳ ಗಡಿಯಾರದ ವ್ಯತ್ಯಾಸ ದಾಖಲಾಗಿದೆಯೇ, ಕಾರಿನ ಯಾವ ಭಾಗದಿಂದ ಬಣ್ಣದ ಮಾದರಿ ತೆಗೆಯಲಾಗಿದೆ, ಹೊಸ ಬಂಪರ್ ಬಿಚ್ಚಿ ನೋಡಲಾಗಿದೆಯೇ, ಹಳೆಯದನ್ನು ಹುಡುಕಲಾಗಿದೆಯೇ ಎಂಬ ಐದು ಪ್ರಶ್ನೆಗಳು ಅದರಲ್ಲಿರಲಿ. ಪತ್ರ ತಲುಪಿದ್ದಕ್ಕೆ ದಿನಾಂಕ ಸಹಿತ ಸ್ವೀಕೃತಿ ಪಡೆದು, ಆ ಪ್ರತಿಯನ್ನು ನಿಮ್ಮ ವಕೀಲರಿಗೆ ಕೊಡಿ.